ಲೋಹದ ಆಕ್ಸೈಡ್ ನ್ಯಾನೋ ಕಣಗಳು: ಎಳೆಯ ಬೆಳೆಗೆ ಗೊಬ್ಬರವೋ, ವಿಷವೋ?

ಮೈ ತುರಿಕೆಗೆ ಹಚ್ಚುವ ಕ್ಯಾಲಮೈನ್ ಲೋಶನ್, ಬಿಸಿಲಿನಿಂದ ಚರ್ಮವನ್ನು ಕಾಯುವ ಹಲವು ಕ್ರೀಮುಗಳು, ವಾಹನಗಳ ಟೈರು, ಆಯುರ್ವೇದದ ಯಶದ ಭಸ್ಮ ಇವೆಲ್ಲವುಗಳಲ್ಲಿ ಇರುವ ಒಂದು ಸಾಮಾನ್ಯ ವಸ್ತು ಸತುವಿನ ಆಕ್ಸೈಡ್. ನೋಡಲು ಬಿಳಿಯ ಪುಡಿ. ನೀರಿನಲ್ಲಿ ಕರಗುವುದು ಅತ್ಯಲ್ಪ. ಸತು ಸಸ್ಯಗಳಿಗೆ ಬೇಕೇ ಬೇಕಾದ ಲಘು ಪೋಷಕಾಂಶವಾದ್ದರಿಂದ ಗೊಬ್ಬರವಾಗಿಯೂ ಈ ಪುಡಿಯ ಬಳಕೆ ಉಂಟು. ಆದರೆ ಇದನ್ನೇ 100 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳಾಗಿ ತಯಾರಿಸಿ ಮೊಳಕೆಯೊಡೆಯುತ್ತಿರುವ ಬೀಜಕ್ಕೆ ಕೊಟ್ಟರೆ ಏನಾದೀತು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ದೊರೆತಿಲ್ಲ. ಒಂದು ಪ್ರಯೋಗದಲ್ಲಿ ಶೇಂಗಾ ಸಸಿ ಸೊಂಪಾಗಿ ಬೆಳೆದಿದೆ. ಇನ್ನೊಂದರಲ್ಲಿ ಮೂಲಂಗಿಯ ಬೇರು ಅರ್ಧಕ್ಕೇ ನಿಂತಿದೆ.

ಸತುವಿನ ಆಕ್ಸೈಡ್ ಜತೆಗೆ ಟೈಟಾನಿಯಂ, ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಹಾಗೂ ಸೀರಿಯಂ ಲೋಹಗಳ ಆಕ್ಸೈಡುಗಳೂ ಈ ಅಧ್ಯಯನಗಳ ವಸ್ತುಗಳಾಗಿವೆ. ಆರಂಭದಲ್ಲಿ, ಅಂದರೆ 2005ರ ಆಸುಪಾಸಿನಲ್ಲಿ, ವಿಜ್ಞಾನಿಗಳನ್ನು ಹೆಚ್ಚಾಗಿ ಕಾಡಿದ್ದು ಮಾಲಿನ್ಯದ ಆತಂಕ. ಮೈಗೆ ಹಚ್ಚಿದ ಕ್ರೀಮು ಸ್ನಾನದ ನೀರಿನೊಡನೆ ಚರಂಡಿ ಸೇರುತ್ತದೆ. ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ಕಣಗಳ ಬಹುಪಾಲು ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಬೀಳುತ್ತದೆ. ಡೀಸೆಲ್‌ಗೆ ಬೆರೆಸುವ ಸೀರಿಯಂ ಆಕ್ಸೈಡ್ ಹೊಗೆಯ ಮೂಲಕ ಮಣ್ಣಿಗಿಳಿಯುತ್ತದೆ. ವರ್ಷಗಳು ಉರುಳಿದಂತೆ ಪ್ರಶ್ನೆಗೆ ಇನ್ನೊಂದು ಮುಖವೂ ಸೇರಿಕೊಂಡಿತು. ಇಷ್ಟು ಸಣ್ಣ ಕಣವನ್ನು ಬೆಳೆ ಸುಲಭವಾಗಿ ಹೀರಿಕೊಳ್ಳುವುದಾದರೆ ಅದನ್ನೇ ಗೊಬ್ಬರವನ್ನಾಗಿ ಏಕೆ ಕೊಡಬಾರದು? ಕಳಂಕವೆಂದು ಅಳೆಯಲು ಹೊರಟ ವಸ್ತುವನ್ನು ಪೋಷಕಾಂಶವೆಂದು ಅಳೆಯುವ ಪ್ರಯೋಗಾಲಯಗಳು ಹೀಗೆ ಹುಟ್ಟಿಕೊಂಡವು. ಎರಡೂ ಬಗೆಯ ಪ್ರಯೋಗಗಳಲ್ಲಿ ಬಳಕೆಯಾಗಿದ್ದು ಬಹುತೇಕ ಒಂದೇ ಪುಡಿ ಎಂಬುದನ್ನು ಮರೆಯುವಂತಿಲ್ಲ.

ಗಾತ್ರ ಕುಗ್ಗಿದಾಗ

ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ಒಂದು ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣಗಳೆಂದು ಪರಿಗಣಿಸಲಾಗುತ್ತದೆ. ಗಾತ್ರ ಕುಗ್ಗಿದಂತೆ ತೂಕ ಅಷ್ಟೇ ಇದ್ದರೂ ಹೊರಮೈ ವಿಪರೀತವಾಗಿ ಹಿಗ್ಗುತ್ತದೆ. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್, ಅಂದರೆ ಒಂದು ಅಂಚೆಚೀಟಿಯಷ್ಟು. ಅದನ್ನೇ ಒಂದು ನ್ಯಾನೋಮೀಟರ್ ಅಂಚಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 6,000 ಚದರ ಮೀಟರ್. ಸುಮಾರು ಒಂದೂವರೆ ಎಕರೆ. ರಾಸಾಯನಿಕ ಕ್ರಿಯೆ ನಡೆಯುವುದು ಹೊರಮೈಯಲ್ಲೇ ಆದ್ದರಿಂದ ಕರಗುವ ವೇಗ, ಅಂಟುವ ಗುಣ, ಬೆಳಕಿಗೆ ಸ್ಪಂದಿಸುವ ರೀತಿ ಎಲ್ಲವೂ ಬದಲಾಗುತ್ತವೆ.

ಇನ್ನೊಂದು ಸಂಗತಿ ಸಸ್ಯದ ಕಡೆಯದು. ಸಸ್ಯಕೋಶದ ಭಿತ್ತಿಯಲ್ಲಿರುವ ಸೂಕ್ಷ್ಮ ರಂಧ್ರಗಳ ಅಗಲ ಕೆಲವೇ ನ್ಯಾನೋಮೀಟರಿನಿಂದ ಸುಮಾರು 20 ನ್ಯಾನೋಮೀಟರ್‌ವರೆಗೆ ಇರುತ್ತದೆಂದು ಅಂದಾಜು. ಮಾಮೂಲಿ ಪುಡಿಯ ಕಣ ಈ ಬಾಗಿಲ ಹತ್ತಿರವೂ ಸುಳಿಯಲಾರದು. ನ್ಯಾನೋ ಕಣವಾದರೋ ಒಳಗೆ ನುಸುಳಬಹುದು, ಇಲ್ಲವೇ ಬಾಗಿಲಲ್ಲೇ ಸಿಕ್ಕಿಕೊಂಡು ದಾರಿ ಕಟ್ಟಬಹುದು.

ಮೊಳಕೆಯ ಸ್ಥಿತಿ

ಬೀಜ ನೀರು ಕುಡಿದು ಉಬ್ಬಿದ ಬಳಿಕ ಮೊದಲು ಹೊರಬರುವುದು ಬೇರಿನ ಕುಡಿ. ಆ ಹಂತದಲ್ಲಿ ಸಸಿಗೆ ಬೇಕಾದ ಆಹಾರವೆಲ್ಲ ಬೀಜದೊಳಗೇ ಇದೆ. ಸತುವಿನ ಅಂಶವೂ ಅದರಲ್ಲಿ ಸೇರಿದೆ. ಬೀಜದ ಹೊರಸಿಪ್ಪೆ ಗಟ್ಟಿಯಾದ ಕವಚ. ಬೇರಿನ ಕುಡಿಗೆ ಅಂಥ ಕವಚವಿಲ್ಲ. ತುದಿಯಿಂದ ಕೆಲವೇ ಮಿಲಿಮೀಟರ್ ಹಿಂದಿರುವ ಕೋಶಗಳು ಉದ್ದಕ್ಕೆ ಹಿಗ್ಗುವುದರಿಂದಲೇ ಬೇರು ಮುಂದೆ ಸಾಗುತ್ತದೆ. ನೀರಿನೊಡನೆ ಬರುವ ಬೇಡದ ವಸ್ತುಗಳನ್ನು ತಡೆಯುವ, ಕ್ಯಾಸ್ಪೇರಿಯನ್ ಪಟ್ಟಿ ಎಂದು ಕರೆಯಲಾಗುವ ಒಳಪದರದ ತಡೆಗೋಡೆ ಬೇರಿನ ತುದಿಯಲ್ಲಿ ಇನ್ನೂ ಮೂಡಿರುವುದಿಲ್ಲ. ಬೆಳೆದ ಗಿಡ ಸಹಿಸಿಕೊಳ್ಳುವ ಪ್ರಮಾಣವನ್ನು ಎಳೆಯ ಸಸಿ ಸಹಿಸಲಾರದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಈ ಕಾರಣಕ್ಕಾಗಿಯೇ ಯಾವುದೇ ರಾಸಾಯನಿಕದ ಸಸ್ಯವಿಷತ್ವವನ್ನು ತಿಳಿಯಲು ಮೊಳಕೆ ಮತ್ತು ಬೇರಿನ ಉದ್ದದ ಪರೀಕ್ಷೆ ದಶಕಗಳಿಂದ ರೂಢಿಯಲ್ಲಿದೆ. ಗಾಜಿನ ತಟ್ಟೆಯಲ್ಲಿ ಸೋಸುಕಾಗದ ಹಾಸಿ, ಪರೀಕ್ಷಿಸಬೇಕಾದ ದ್ರವವನ್ನು ಸುರಿದು, ಬೀಜಗಳನ್ನು ಸಾಲಾಗಿ ಇಟ್ಟು, ಕತ್ತಲಲ್ಲಿ ಕೆಲವು ದಿನ ಬಿಡುವುದು. ಆಮೇಲೆ ಮೊಳೆತ ಬೀಜಗಳನ್ನು ಎಣಿಸಿ ಬೇರುಗಳನ್ನು ಅಳೆಯುವುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಪರೀಕ್ಷೆಗೆಂದು ಎಲೆಕೋಸು, ಕ್ಯಾರೆಟ್, ಸೌತೆ, ಮುಸುಕಿನ ಜೋಳ, ಸೋಯಾ ಅವರೆ, ಟೊಮೆಟೊ, ಈರುಳ್ಳಿ ಮೊದಲಾದ ಬೆಳೆಗಳನ್ನು ಶಿಫಾರಸು ಮಾಡಿತ್ತು. ನ್ಯಾನೋ ಕಣಗಳ ಕುರಿತ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಇವೇ ತರಕಾರಿಗಳ ಹೆಸರು ಕಾಣಿಸಿಕೊಳ್ಳುವುದರ ಹಿನ್ನೆಲೆ ಇದು. ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಅದರ ಮಿತಿಯೂ ಅಲ್ಲೇ ಇದೆ.

2007ರ ಪ್ರಯೋಗ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನಗಳಲ್ಲಿ ಒಂದು 2007ರಲ್ಲಿ ಪ್ರಕಟವಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬಾವೋಶಾನ್ ಶಿಂಗ್ ಹಾಗೂ ಸಹೋದ್ಯೋಗಿ ದಾವೋಹುಯಿ ಲಿನ್ ಅವರು ಮೂಲಂಗಿ, ಸಾಸಿವೆ ಜಾತಿಯ ರೇಪ್, ರೈ ಹುಲ್ಲು, ಲೆಟ್ಯೂಸ್, ಮುಸುಕಿನ ಜೋಳ ಮತ್ತು ಸೌತೆ ಎಂಬ 6 ಸಸ್ಯಗಳನ್ನು ಐದು ಬಗೆಯ ನ್ಯಾನೋ ಕಣಗಳಿಗೆ ಒಡ್ಡಿದರು. ಆ ಐದರಲ್ಲಿ ಎರಡು ಲೋಹದ ಆಕ್ಸೈಡುಗಳು: ಅಲ್ಯುಮಿನಾ ಮತ್ತು ಸತುವಿನ ಆಕ್ಸೈಡ್.

ಲೀಟರಿಗೆ 2,000 ಮಿಲಿಗ್ರಾಂನಷ್ಟು ಭಾರಿ ಪ್ರಮಾಣದಲ್ಲಿಯೂ ಹೆಚ್ಚಿನ ಬೀಜಗಳು ಯಥಾಪ್ರಕಾರ ಮೊಳೆತವು. ಆಕ್ಸೈಡುಗಳ ಪೈಕಿ ಮೊಳಕೆಯ ಪ್ರಮಾಣಕ್ಕೆ ಪೆಟ್ಟು ಬಿದ್ದದ್ದು ಸತುವಿನ ಆಕ್ಸೈಡಿನಲ್ಲಿ ಇರಿಸಿದ ಮುಸುಕಿನ ಜೋಳಕ್ಕೆ ಮಾತ್ರ. ಆದರೆ ಬೇರುಗಳ ಕಥೆಯೇ ಬೇರೆ. ಅದೇ ಪ್ರಮಾಣದಲ್ಲಿ ಸತುವಿನ ಆಕ್ಸೈಡ್ ಬೇರುಗಳ ಉದ್ದವನ್ನು ಹೆಚ್ಚುಕಡಿಮೆ ಸಂಪೂರ್ಣವಾಗಿ ನಿಲ್ಲಿಸಿಬಿಟ್ಟಿತು. ಬೇರಿನ ಬೆಳವಣಿಗೆಯನ್ನು ಅರ್ಧಕ್ಕಿಳಿಸಲು ಮೂಲಂಗಿಗೆ ಲೀಟರಿಗೆ ಸುಮಾರು 50 ಮಿಲಿಗ್ರಾಂ, ರೇಪ್ ಮತ್ತು ರೈ ಹುಲ್ಲಿಗೆ ಸುಮಾರು 20 ಮಿಲಿಗ್ರಾಂ ಸಾಕಾಯಿತು. ಅಂದರೆ ಬೀಜ ಮೊಳೆಯಿತು ಎಂಬುದರಿಂದ ಸಸಿ ಕ್ಷೇಮವಾಗಿದೆ ಎಂದು ಹೇಳಲಾಗದು. ಬೀಜದ ಚೀಟಿಯ ಮೇಲೆ ಮುದ್ರಿಸುವ ಮೊಳಕೆಯ ಶೇಕಡಾವಾರು ಪ್ರಮಾಣ ಈ ಪ್ರಶ್ನೆಯ ಮಟ್ಟಿಗೆ ಏನನ್ನೂ ಹೇಳುವುದಿಲ್ಲ.

ಇದೇ ಪ್ರಬಂಧದಲ್ಲಿ ಅಷ್ಟಾಗಿ ಗಮನ ಸೆಳೆಯದ ಇನ್ನೊಂದು ಅಂಶವಿದೆ. ಬೀಜವನ್ನು ಕಣಗಳ ದ್ರವದಲ್ಲಿ ನೆನೆಸುವ ಹಂತದಲ್ಲಿ ಅಷ್ಟಾಗಿ ಹಾನಿಯಾಗಲಿಲ್ಲ. ಮೊಳೆತ ಬಳಿಕವೂ ಅದೇ ದ್ರವದಲ್ಲಿ ಮುಂದುವರಿದಾಗ ಬೇರು ಸೊರಗಿತು. ಮರುವರ್ಷ ಅದೇ ಇಬ್ಬರು ರೈ ಹುಲ್ಲಿನ ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತುದಿ ಮುರುಟಿತ್ತು. ಹೊರಪದರದ ಕೋಶಗಳು ಕುಸಿದಿದ್ದವು. ಕಣಗಳು ಬೇರಿನ ಮೈಗೆ ದಟ್ಟವಾಗಿ ಅಂಟಿಕೊಂಡಿದ್ದವು.

ಅದಕ್ಕೂ ಮುನ್ನ, 2005ರಲ್ಲಿ, ನ್ಯೂಜೆರ್ಸಿಯ ತಂಡವೊಂದು ಅಲ್ಯುಮಿನಾ ಕಣಗಳಿಂದ ಮುಸುಕಿನ ಜೋಳ, ಸೌತೆ, ಸೋಯಾ, ಎಲೆಕೋಸು, ಕ್ಯಾರೆಟ್‌ಗಳ ಬೇರು ಕುಂಠಿತವಾಗುವುದನ್ನು ವರದಿ ಮಾಡಿತ್ತು. ಕಣದ ಮೇಲೆ ಬೇರೊಂದು ರಾಸಾಯನಿಕದ ಲೇಪವಿದ್ದಾಗ ಹಾನಿ ತಗ್ಗಿತ್ತು. ಹೊರಮೈಯ ಗುಣವೇ ಮುಖ್ಯವೆಂಬ ಸುಳಿವು ಅಲ್ಲಿಂದಲೇ ದೊರೆತಿತು.

ಪಾಲಕ್, ಹೆಸರು, ಶೇಂಗಾ

ಅದೇ 2005ರಲ್ಲಿ ಚೀನದಿಂದ ತದ್ವಿರುದ್ಧವಾದ ಸುದ್ದಿ ಬಂತು. ಪಾಲಕ್ ಬೀಜಗಳನ್ನು ಟೈಟಾನಿಯಂ ಡೈಆಕ್ಸೈಡಿನ ನ್ಯಾನೋ ಕಣಗಳಿಂದ ಉಪಚರಿಸಿದಾಗ ಸಸಿಗಳ ಒಣ ತೂಕ ಶೇ 73ರಷ್ಟು ಹೆಚ್ಚಿತೆಂದೂ, ದ್ಯುತಿಸಂಶ್ಲೇಷಣೆಯ ದರ ಮೂರು ಪಟ್ಟಾಯಿತೆಂದೂ ಸಂಶೋಧಕರು ತಿಳಿಸಿದರು. ಗಮನಿಸಬೇಕಾದ ಒಂದು ವಿಶೇಷಣ ಇಲ್ಲಿದೆ: ಅವು ಹಳೆಯ, ಕಾಲಕ್ರಮದಲ್ಲಿ ಸತ್ವ ಕುಂದಿದ ಬೀಜಗಳು. ಮುದಿಬೀಜಕ್ಕೆ ಚೇತರಿಕೆ ನೀಡುವುದು ಒಂದು, ಆರೋಗ್ಯವಂತ ಬೀಜದ ಫಸಲನ್ನು ಹೆಚ್ಚಿಸುವುದು ಇನ್ನೊಂದು. ಟೈಟಾನಿಯಂ ಸಸ್ಯಗಳ ಅಗತ್ಯ ಪೋಷಕಾಂಶಗಳ ಪಟ್ಟಿಯಲ್ಲೂ ಇಲ್ಲ.

ಭಾರತದಲ್ಲಿ ನಡೆದ ಅಧ್ಯಯನಗಳು ಬಹುಪಾಲು ಸತುವಿನ ಸುತ್ತ ತಿರುಗಿರುವುದಕ್ಕೆ ಸಕಾರಣವಿದೆ. ದೇಶದ ಕೃಷಿಮಣ್ಣಿನ ಮಾದರಿಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ಸತುವಿನ ಕೊರತೆ ತೋರಿಸುತ್ತವೆ. ಭತ್ತದ ಎಲೆಗಳಲ್ಲಿ ತುಕ್ಕಿನ ಬಣ್ಣದ ಮಚ್ಚೆ ಮೂಡಿಸುವ ‘ಖೈರಾ’ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತ್‌ನಗರದಲ್ಲಿ ವಿಜ್ಞಾನಿ ವೈ.ಎಲ್. ನೆನೆ ಗುರುತಿಸಿದ್ದು 1960ರ ದಶಕದಲ್ಲಿ. ಸುಣ್ಣದ ಅಂಶ ಹೆಚ್ಚಿರುವ ಕ್ಷಾರೀಯ ಕಪ್ಪು ಮಣ್ಣಿನಲ್ಲಿ, ಉತ್ತರ ಕರ್ನಾಟಕದ ಎರೆಭೂಮಿಯೂ ಸೇರಿದಂತೆ, ಹಾಕಿದ ಸತು ಬೆಳೆಗೆ ದಕ್ಕದ ರೂಪಕ್ಕೆ ತಿರುಗುವುದೇ ರೈತರ ಸಮಸ್ಯೆ. ಸತು ಸಾಲದಿದ್ದರೆ ಗಿಡದ ಬೆಳವಣಿಗೆಯ ಹಾರ್ಮೋನು ಆಕ್ಸಿನ್ ತಯಾರಿ ಕುಂಠಿತವಾಗುತ್ತದೆ. ಹಲವು ಕಿಣ್ವಗಳು ಕೆಲಸ ಮಾಡುವುದಿಲ್ಲ.

ಐಐಟಿ ಬಾಂಬೆಯ ಸಂಶೋಧಕರು 2011ರಲ್ಲಿ ಹೆಸರು ಮತ್ತು ಕಡಲೆಯ ಸಸಿಗಳನ್ನು ಅಗರ್ ಎಂಬ ಲೋಳೆಯಂಥ ಮಾಧ್ಯಮದಲ್ಲಿ ಬೆಳೆಸಿ, ಅದರಲ್ಲಿ ಸತುವಿನ ಆಕ್ಸೈಡಿನ ನ್ಯಾನೋ ಕಣಗಳನ್ನು ಬೆರೆಸಿದರು. ಹೆಸರಿನ ಸಸಿ ಅತ್ಯುತ್ತಮವಾಗಿ ಬೆಳೆದದ್ದು 20 ಪಿಪಿಎಂ ಪ್ರಮಾಣದಲ್ಲಿ. ಕಡಲೆ ಕೇವಲ 1 ಪಿಪಿಎಂನಲ್ಲಿ. ಅದರಾಚೆಗೆ ಎರಡರ ಬೆಳವಣಿಗೆಯೂ ಇಳಿಮುಖವಾಯಿತು. ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದ ಡಬ್ಬಿಗಳಲ್ಲಿ ಇರುವ, ಒಂದೇ ಕುಟುಂಬಕ್ಕೆ ಸೇರಿದ ಎರಡು ಕಾಳುಗಳ ನಡುವೆ 20 ಪಟ್ಟು ಅಂತರ. ‘ಬೇಳೆಕಾಳುಗಳಿಗೆ ಇಷ್ಟು’ ಎಂದು ಒಟ್ಟಾರೆ ಶಿಫಾರಸು ಮಾಡಲು ಹೊರಡುವವರಿಗೆ ಇದು ತಕ್ಕ ಎಚ್ಚರಿಕೆ.

ತಿರುಪತಿಯಲ್ಲಿ ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ತಂಡ ಶೇಂಗಾ ಮೇಲೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸರಾಸರಿ 25 ನ್ಯಾನೋಮೀಟರ್ ಗಾತ್ರದ ಸತುವಿನ ಆಕ್ಸೈಡನ್ನು 1,000 ಪಿಪಿಎಂ ಪ್ರಮಾಣದಲ್ಲಿ ಬೀಜೋಪಚಾರಕ್ಕೆ ಬಳಸಿದಾಗ ಮೊಳಕೆ, ಸಸಿಯ ಕಸುವು, ಎಲೆಯ ಪತ್ರಹರಿತ್ತು ಎಲ್ಲವೂ ಹೆಚ್ಚಿದವು. ಹೂವೂ ಬೇಗ ಬಂತು. 2,000 ಪಿಪಿಎಂಗೆ ಏರಿಸಿದಾಗ ಅದೇ ಕಣ ಬೆಳವಣಿಗೆಯನ್ನು ತಡೆಯಿತು. ಈ ತಂಡ ಪ್ರಯೋಗಾಲಯಕ್ಕೇ ನಿಲ್ಲದೆ 2008–09 ಮತ್ತು 2009–10ರ ಹಿಂಗಾರಿನಲ್ಲಿ ಹೊಲಕ್ಕಿಳಿದದ್ದು ವಿಶೇಷ. ರೂಢಿಯ ಕೀಲೇಟೆಡ್ ಸತುವಿನ ಸಲ್ಫೇಟಿಗಿಂತ 15 ಪಟ್ಟು ಕಡಿಮೆ ಪ್ರಮಾಣವನ್ನು ಎಲೆಗಳಿಗೆ ಸಿಂಪಡಿಸಿದರೂ ಕಾಯಿಯ ಇಳುವರಿ ಕ್ರಮವಾಗಿ ಶೇ 29.5 ಮತ್ತು ಶೇ 26.3ರಷ್ಟು ಅಧಿಕವಾಗಿತ್ತು.

ಮೂಲಂಗಿಯ ಬೇರನ್ನು 50 ಪಿಪಿಎಂ ಕೊಲ್ಲುವುದಾದರೆ ಶೇಂಗಾಕ್ಕೆ 1,000 ಪಿಪಿಎಂ ಹೇಗೆ ಹಿತವಾಯಿತು ಎಂಬ ಸಂದೇಹ ಸಹಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಮೂಲಂಗಿಯ ಮೊಳಕೆ ದಿನಗಟ್ಟಲೆ ಆ ದ್ರವದಲ್ಲೇ ಕುಳಿತಿತ್ತು. ಶೇಂಗಾ ಬೀಜಕ್ಕೆ ಕೊಟ್ಟದ್ದು ಉಪಚಾರ ಮಾತ್ರ, ಆಮೇಲೆ ಅದಕ್ಕೆ ಬೇರೆ ಆವರಣ ಸಿಕ್ಕಿತು. ದಪ್ಪ ಕಾಳಿನ ಮೈಮೇಲೆ ಉಳಿದ ಕಣಗಳ ಒಟ್ಟು ತೂಕವೂ ಸಣ್ಣದೇ. ಪಿಪಿಎಂ ಎಂಬ ಅಂಕಿ ದ್ರವದ ಗಾಢತೆಯನ್ನು ಹೇಳುತ್ತದೆಯೇ ಹೊರತು ಬೇರಿಗೆ ಎಷ್ಟು ಹೊತ್ತು, ಎಷ್ಟು ತಾಗಿತು ಎಂಬುದನ್ನು ಹೇಳುವುದಿಲ್ಲ. ಹೋಲಿಕೆಗೆ ನೋಡುವುದಾದರೆ, ರೈತರು ಎಲೆಗಳಿಗೆ ಸಿಂಪಡಿಸುವ ಶೇ 0.5ರ ಸತುವಿನ ಸಲ್ಫೇಟ್ ದ್ರಾವಣದ ಪ್ರತಿ ಲೀಟರಿನಲ್ಲಿ ಸುಮಾರು ಒಂದು ಗ್ರಾಂ ಸತು ಇರುತ್ತದೆ. 1,000 ಪಿಪಿಎಂ ಆಕ್ಸೈಡಿನಲ್ಲಿ ಇರುವುದು 0.8 ಗ್ರಾಂ.

ಕರ್ನಾಟಕದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬೀಜ ವಿಜ್ಞಾನಿಗಳು ತೊಗರಿ ಬೀಜಕ್ಕೆ ಸತು ಮತ್ತು ಕಬ್ಬಿಣದ ನ್ಯಾನೋ ಕಣಗಳನ್ನು ಪಾಲಿಮರ್ ಲೇಪದೊಡನೆ ಹಚ್ಚಿ ಬೀಜದ ಗುಣಮಟ್ಟ ಸುಧಾರಿಸುವ ಪ್ರಯತ್ನ ನಡೆಸಿ, 2016ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ಕಣವನ್ನು ನೀರಿನಲ್ಲಿ ಕಲಸಿ ನೆನೆಸುವುದಕ್ಕಿಂತ ಇಂಥ ಲೇಪದಲ್ಲಿ ಅಳತೆ ಕೈಮೀರುವ ಸಂಭವ ಕಡಿಮೆ.

ಕಣವೋ, ಅಯಾನೋ?

ಸತುವಿನ ಆಕ್ಸೈಡ್ ನೀರಿನಲ್ಲಿ ಅಲ್ಪಸ್ವಲ್ಪ ಕರಗಿ ಸತುವಿನ ಅಯಾನುಗಳನ್ನು ಬಿಡುತ್ತದೆ. ಹುಳಿ ಮಣ್ಣಿನಲ್ಲಿ ಹೆಚ್ಚು, ಕ್ಷಾರ ಮಣ್ಣಿನಲ್ಲಿ ಕಡಿಮೆ. ಬೇರುಗಳು ತಾವೇ ಸಾವಯವ ಆಮ್ಲಗಳನ್ನು ಸ್ರವಿಸುವುದರಿಂದ ಬೇರಿನ ಅಂಚಿನಲ್ಲಿ ಕರಗುವಿಕೆ ಇನ್ನಷ್ಟು ಚುರುಕು. ಹಾಗಿದ್ದರೆ ಸಸಿಯನ್ನು ಬಾಧಿಸಿದ್ದು ಕಣವೇ, ಕರಗಿದ ಸತುವೇ? ರೈ ಹುಲ್ಲಿನ ಪ್ರಯೋಗ ನಡೆಸಿದವರು, ಕರಗಿದ ಸತುವಿನ ಪ್ರಮಾಣ ಇಷ್ಟು ಹಾನಿ ಮಾಡುವಷ್ಟಿರಲಿಲ್ಲ, ಆದ್ದರಿಂದ ಕಣದ ಪಾತ್ರವೂ ಇದೆ ಎಂದು ವಾದಿಸಿದರು.

ಗಿಡದೊಳಗೆ ನೋಡಿದಾಗ ಚಿತ್ರ ಬೇರೆಯಾಗಿ ಕಂಡಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಎಲ್ ಪಾಸೊ ಕೇಂದ್ರದಲ್ಲಿ ಹೋರ್ಹೆ ಗಾರ್ಡಿಯಾ-ಟೊರೆಸ್ಡೆ ಅವರ ತಂಡ ಸಿಂಕ್ರೋಟ್ರಾನ್ ಎಂಬ ಬೃಹತ್ ಯಂತ್ರದ ಕ್ಷ-ಕಿರಣಗಳಿಂದ ಸೋಯಾ ಸಸಿಯ ಬೇರನ್ನು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿತು. ಬೇರಿನಲ್ಲಿ ಸೀರಿಯಂ ಆಕ್ಸೈಡ್ ಕಣ ಕಣವಾಗಿಯೇ ಉಳಿದಿತ್ತು. ಸತುವಿನ ಆಕ್ಸೈಡ್ ಮಾತ್ರ ಕಣದ ರೂಪದಲ್ಲಿ ಸಿಗಲೇ ಇಲ್ಲ; ಅಲ್ಲಿದ್ದದ್ದು ಬರಿಯ ಸತು. ಅದೇ ಅಧ್ಯಯನದಲ್ಲಿ, ಲೀಟರಿಗೆ 2,000 ಮತ್ತು 4,000 ಮಿಲಿಗ್ರಾಂ ಸೀರಿಯಂ ಆಕ್ಸೈಡಿಗೆ ಒಡ್ಡಿಕೊಂಡ ಸಸಿಗಳ ಡಿಎನ್‌ಎಯಲ್ಲಿ ವ್ಯತ್ಯಾಸಗಳು ಕಂಡವು.

ಕೋಶದ ಮಟ್ಟದಲ್ಲಿ ನಡೆಯುವ ಹಾನಿಯ ದಾರಿ ಬಹುತೇಕ ಒಂದೇ. ಅತಿಯಾದ ಲೋಹ ಅಥವಾ ಅಂಟಿಕೊಂಡ ಕಣ ಹೈಡ್ರೋಜನ್ ಪೆರಾಕ್ಸೈಡಿನಂಥ ಕ್ರಿಯಾಶೀಲ ಆಮ್ಲಜನಕ ರೂಪಗಳ ಉತ್ಪತ್ತಿಗೆ ಕಾರಣವಾಗುತ್ತದೆ. ಅವುಗಳನ್ನು ಶಮನಗೊಳಿಸಲು ಸಸಿ ಕ್ಯಾಟಲೇಸ್, ಪೆರಾಕ್ಸಿಡೇಸ್ ಮೊದಲಾದ ಕಿಣ್ವಗಳನ್ನು ಹೆಚ್ಚು ತಯಾರಿಸುತ್ತದೆ. ಸ್ವಲ್ಪಮಟ್ಟಿನ ಒತ್ತಡ ಈ ರಕ್ಷಣೆಯನ್ನು ಚುರುಕುಗೊಳಿಸಿ ಬೆಳವಣಿಗೆಗೆ ನೆರವಾಗಲೂಬಹುದು. ಮಿತಿ ಮೀರಿದಾಗ ಕೋಶದ ಪೊರೆ ಮತ್ತು ಡಿಎನ್‌ಎ ಘಾಸಿಗೊಳ್ಳುತ್ತವೆ. ತಾಮ್ರದ ಆಕ್ಸೈಡಿನಲ್ಲಿ ಈ ಮಿತಿ ಬಹಳ ಕಿರಿದು. ಎಲೆಯ ಒಣ ತೂಕದ ಪ್ರತಿ ಕಿಲೋದಲ್ಲಿ ಸತು 300 ಮಿಲಿಗ್ರಾಂ ಸಮೀಪಿಸಿದಾಗ ಹಲವು ಬೆಳೆಗಳಿಗೆ ವಿಷವಾದರೆ ತಾಮ್ರ 20–30 ಮಿಲಿಗ್ರಾಂಗೇ ವಿಷವಾಗುತ್ತದೆ. ಮೂಲಂಗಿಯ ಸಸಿಗಳಲ್ಲಿ ತಾಮ್ರದ ಆಕ್ಸೈಡ್ ಕಣಗಳು ಡಿಎನ್‌ಎಗೆ ಹಾನಿ ಮಾಡುವುದನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು.

ವಿಷದ ಮಾತೇ ಇಲ್ಲದೆಯೂ ಸಸಿ ಸೊರಗಬಹುದು ಎಂಬುದನ್ನು ಇಸ್ರೇಲಿನ ಹೈಫಾದಲ್ಲಿ ನಡೆದ ಪ್ರಯೋಗವೊಂದು ತಿಳಿಸಿತು. ಟೈಟಾನಿಯಂ ಡೈಆಕ್ಸೈಡ್ ಕಣಗಳಿದ್ದ ನೀರಿನಲ್ಲಿ ಬೆಳೆದ ಮುಸುಕಿನ ಜೋಳದ ಸಸಿಗಳಲ್ಲಿ ಬೇರಿನ ಕೋಶಭಿತ್ತಿಯ ರಂಧ್ರಗಳು 6.6 ನ್ಯಾನೋಮೀಟರಿನಿಂದ 3 ನ್ಯಾನೋಮೀಟರಿಗೆ ಕುಗ್ಗಿದವು. ನೀರಿನ ಹರಿವು ತಗ್ಗಿ ಎಲೆಗಳ ಬೆಳವಣಿಗೆ ಕುಂಠಿತವಾಯಿತು. 2009ರ ಈ ಅಧ್ಯಯನದಲ್ಲಿ ಮಾಮೂಲಿ ಬೆಂಟೊನೈಟ್ ಜೇಡಿಮಣ್ಣಿನ ಸೂಕ್ಷ್ಮ ಕಣಗಳೂ ಇದೇ ಪರಿಣಾಮ ತೋರಿದ್ದವು. ಅಂದರೆ ನಲ್ಲಿಯ ಜಾಲರಿಗೆ ಹೂಳು ಕಟ್ಟಿದಂತೆ. ಹೂಳು ಯಾವುದರದು ಎಂಬುದು ಅಲ್ಲಿ ಮುಖ್ಯವಲ್ಲ.

ತಟ್ಟೆಯಿಂದ ಹೊಲಕ್ಕೆ

ಸೋಸುಕಾಗದದ ಮೇಲೆ ಬೇರಿಗೂ ಕಣಕ್ಕೂ ನಡುವೆ ಅಡ್ಡ ಬರುವವರು ಯಾರೂ ಇಲ್ಲ. ಮಣ್ಣಿನಲ್ಲಿ ಜೇಡಿ, ಸಾವಯವ ಅಂಶ, ಲವಣಗಳು ಕಣವನ್ನು ಹಿಡಿದುಕೊಳ್ಳುತ್ತವೆ. ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಡೆಲವೇರ್ ವಿಶ್ವವಿದ್ಯಾಲಯದ ತಂಡವೊಂದು 2008ರಲ್ಲಿ ಕಾಂತೀಯ ಕಬ್ಬಿಣದ ಆಕ್ಸೈಡ್ ಕಣಗಳನ್ನು ಕುಂಬಳದ ಗಿಡಗಳಿಗೆ ಕೊಟ್ಟು, ಅವು ಎಲ್ಲಿ ಹೋದವೆಂದು ಕಾಂತಮಾಪಕದಿಂದ ಪತ್ತೆ ಮಾಡಿತು. ನೀರಿನಲ್ಲಿ ಬೆಳೆದ ಗಿಡಗಳ ಬೇರಿನಲ್ಲಿ ಕೊಟ್ಟ ಕಣಗಳ ಅರ್ಧದಷ್ಟು ಸೇರಿಕೊಂಡಿತ್ತು. ಎಲೆಗೆ ತಲುಪಿದ್ದು ಶೇ 1ಕ್ಕಿಂತ ಕಡಿಮೆ. ಮರಳಿನಲ್ಲಿ ಬೆಳೆಸಿದಾಗ ಆ ಸಂಕೇತ ಕ್ಷೀಣಿಸಿತು, ಮಣ್ಣಿನಲ್ಲಿ ಸಿಗಲೇ ಇಲ್ಲ. ಕುಂಬಳ ಹೀರಿಕೊಂಡ ಕಣವನ್ನು ಲಿಮಾ ಅವರೆ ನೀರಿನಲ್ಲಿ ಬೆಳೆದರೂ ಹೀರಿಕೊಳ್ಳಲಿಲ್ಲ.

ಪ್ರಮಾಣದ ವಿಚಾರವೂ ಹೀಗೆಯೇ. ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್ ಹಾಕುವ ರೈತ ವಾಸ್ತವವಾಗಿ ಹಾಕುವ ಸತು 5 ಕಿಲೋದಷ್ಟು. ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ ಅದು ಹರಡಿದರೆ ಪ್ರತಿ ಕಿಲೋ ಮಣ್ಣಿಗೆ ಬರುವುದು ಎರಡೂವರೆ ಮಿಲಿಗ್ರಾಂಗಿಂತ ಕಡಿಮೆ. ಪ್ರಯೋಗಗಳಲ್ಲಿ ಕಿಲೋ ಮಣ್ಣಿಗೆ 50ರಿಂದ 500 ಮಿಲಿಗ್ರಾಂವರೆಗೆ ನ್ಯಾನೋ ಸತುವಿನ ಆಕ್ಸೈಡ್ ಬೆರೆಸಿದ್ದುಂಟು. ಇಂಥ ಫಲಿತಾಂಶವನ್ನು ಹಿಡಿದು ‘ನ್ಯಾನೋ ಗೊಬ್ಬರ ವಿಷ’ ಎಂದು ಸಾರುವುದು ಎಷ್ಟು ಅವಸರದ ಮಾತೋ, ಗಾಜಿನ ತಟ್ಟೆಯಲ್ಲಿ ಉದ್ದವಾದ ಬೇರನ್ನು ತೋರಿಸಿ ಇಳುವರಿಯ ಭರವಸೆ ಕೊಡುವುದೂ ಅಷ್ಟೇ ಅವಸರದ್ದು.

ಹಾಗೆಂದು ಮಣ್ಣು ಎಲ್ಲವನ್ನೂ ನುಂಗಿ ಸುಮ್ಮನಿರುತ್ತದೆ ಎಂದೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕೇಂದ್ರದ ನೇತೃತ್ವದಲ್ಲಿ 2012ರಲ್ಲಿ ಹೊರಬಂದ ಅಧ್ಯಯನದಲ್ಲಿ ಸೋಯಾ ಗಿಡಗಳನ್ನು ಮಣ್ಣಿನಲ್ಲೇ, ಬೀಜದಿಂದ ಕಾಯಿಯವರೆಗೆ ಬೆಳೆಸಲಾಯಿತು. ಸೀರಿಯಂ ಆಕ್ಸೈಡ್ ಇದ್ದ ಮಣ್ಣಿನಲ್ಲಿ ಬೆಳವಣಿಗೆಯೂ ಇಳುವರಿಯೂ ತಗ್ಗಿದವು. ಗರಿಷ್ಠ ಪ್ರಮಾಣದಲ್ಲಿ ಬೇರುಗಂಟುಗಳ ಸಾರಜನಕ ಸ್ಥಿರೀಕರಣ ಬಹುತೇಕ ನಿಂತೇಹೋಯಿತು. ಗೊಬ್ಬರದ ಖರ್ಚು ಉಳಿಸಲೆಂದೇ ದ್ವಿದಳ ಬೆಳೆಯುವ ರೈತನಿಗೆ ಇದು ಬೇರಿನ ಉದ್ದಕ್ಕಿಂತಲೂ ದೊಡ್ಡ ನಷ್ಟ. ಸತುವಿನ ಆಕ್ಸೈಡ್ ಇದ್ದ ಮಣ್ಣಿನಲ್ಲಿ ಇಳುವರಿಗೆ ಅಂಥ ಹಾನಿಯಾಗಲಿಲ್ಲ, ಆದರೆ ಎಲೆ ಮತ್ತು ಕಾಳಿನಲ್ಲಿ ಸತು ಶೇಖರಗೊಂಡಿತು.

ನಿಯಮಗಳ ಸ್ಥಿತಿ

ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 2020ರ ಜುಲೈನಲ್ಲಿ ನ್ಯಾನೋ ಆಧಾರಿತ ಕೃಷಿ ಪರಿಕರಗಳು ಮತ್ತು ಆಹಾರ ಪದಾರ್ಥಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. 2021ರಲ್ಲಿ ಇಫ್ಕೊ ಸಂಸ್ಥೆಯ ನ್ಯಾನೋ ಯೂರಿಯಾ, 2023ರಲ್ಲಿ ನ್ಯಾನೋ ಡಿಎಪಿ, 2024ರಲ್ಲಿ ನ್ಯಾನೋ ಸತು ಹಾಗೂ ನ್ಯಾನೋ ತಾಮ್ರದ ದ್ರವಗಳು ರಸಗೊಬ್ಬರ ನಿಯಂತ್ರಣ ಆದೇಶದಡಿ ಅಧಿಸೂಚಿತವಾದವು. ಮಾರುಕಟ್ಟೆಯಲ್ಲಿ ‘ನ್ಯಾನೋ’ ಹೆಸರು ಹೊತ್ತದ್ದೆಲ್ಲ ಲೋಹದ ಆಕ್ಸೈಡ್ ಅಲ್ಲ. ನ್ಯಾನೋ ಯೂರಿಯಾ ಸಾರಜನಕದ ಗೊಬ್ಬರ, ಅದರ ಗುಣದೋಷಗಳ ಚರ್ಚೆಯೇ ಬೇರೆ. ಯುರೋಪಿನಲ್ಲಿ ಟೈಟಾನಿಯಂ ಡೈಆಕ್ಸೈಡನ್ನು ಆಹಾರಕ್ಕೆ ಬಣ್ಣವಾಗಿ ಸೇರಿಸುವುದನ್ನು 2022ರಲ್ಲಿ ನಿಷೇಧಿಸಲಾಯಿತು. ಆ ನಿರ್ಧಾರ ನೇರವಾಗಿ ಸೇರಿಸುವ ಪುಡಿಗೆ ಸಂಬಂಧಿಸಿದ್ದು. ಬೆಳೆ ತಾನಾಗಿ ಹೀರಿಕೊಂಡದ್ದಕ್ಕೆ ಅಲ್ಲ.

ಕಾಯಿಗೂ ಬೀಜಕ್ಕೂ

ಬೆಳೆ ಹೀರಿಕೊಳ್ಳುತ್ತದೆ ಎಂಬುದರಲ್ಲಿ ಈಗ ಸಂಶಯವಿಲ್ಲ. ಟೈಟಾನಿಯಂ ಡೈಆಕ್ಸೈಡ್ ಬೆರೆಸಿದ ಮಣ್ಣಿನಲ್ಲಿ 150 ದಿನ ಬೆಳೆದ ಸೌತೆಗಿಡದ ಕಾಯಿಯಲ್ಲಿ ಆ ವಸ್ತು ರೂಪಾಂತರ ಹೊಂದದೆ ಇದ್ದುದನ್ನು ಎಲ್ ಪಾಸೊ ತಂಡ 2013ರಲ್ಲಿ ಸಿಂಕ್ರೋಟ್ರಾನ್ ಮೂಲಕ ಖಚಿತಪಡಿಸಿತು. ಅದೇ ವರ್ಷ ಅದೇ ತಂಡ ಸೋಯಾ ಕಾಯಿಯಲ್ಲಿ ಸೀರಿಯಂ ಆಕ್ಸೈಡನ್ನೂ ಗುರುತಿಸಿತು. ಕಾಳಿನಲ್ಲಿ ಸತು ಮಾತ್ರ ಸಿಟ್ರೇಟಿನಂಥ ಸಂಯುಕ್ತವಾಗಿ, ಅಂದರೆ ಗಿಡಕ್ಕೆ ಪರಿಚಿತವಾದ ರೂಪದಲ್ಲೇ ಇತ್ತು. ಸತುವಿನ ಕೊರತೆಯುಳ್ಳ ಜನರಿಗೆ ಅಂಥ ಕಾಳು ವರವೂ ಆಗಬಹುದು. ಕರಗಿ ಪೋಷಕಾಂಶವಾಗುವ ಸತು, ಕಬ್ಬಿಣಗಳನ್ನೂ ಕರಗದೆ ಕಣವಾಗಿಯೇ ಉಳಿಯುವ ಟೈಟಾನಿಯಂ, ಸೀರಿಯಂಗಳನ್ನೂ ‘ನ್ಯಾನೋ’ ಎಂಬ ಒಂದೇ ಪದದಡಿ ಚರ್ಚಿಸುವುದರಿಂದ ಗೊಂದಲ ಹೆಚ್ಚುತ್ತದೆ.

ಸೀರಿಯಂ ಆಕ್ಸೈಡ್ ಕುರಿತ ಇನ್ನೊಂದು ಜೋಡಿ ಅಧ್ಯಯನ ಟೊಮೆಟೊಗೆ ಸಂಬಂಧಿಸಿದ್ದು. ಲೀಟರಿಗೆ 10 ಮಿಲಿಗ್ರಾಂ ಮೀರದ ಅಲ್ಪ ಪ್ರಮಾಣದ ಕಣಗಳಿದ್ದ ನೀರನ್ನು ಗಿಡಗಳಿಗೆ ಜೀವನಪರ್ಯಂತ ಉಣಿಸಿದ ಸಂಶೋಧಕರು, ಬೆಳವಣಿಗೆಯ ಮೇಲೆ ಗಣನೀಯ ದುಷ್ಪರಿಣಾಮವಿಲ್ಲ, ಹಣ್ಣಿನ ಇಳುವರಿ ತುಸು ಹೆಚ್ಚೇ ಎಂದು 2012ರಲ್ಲಿ ವರದಿ ಮಾಡಿದರು. ಹಾಗೆ 10 ಮಿಲಿಗ್ರಾಂ ಪ್ರಮಾಣದ ನೀರುಂಡ ಗಿಡಗಳ ಬೀಜಗಳನ್ನು ಬಿತ್ತಿ ಎರಡನೆಯ ಪೀಳಿಗೆಯನ್ನು ಬೆಳೆಸಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ತಾಯಿಗಿಡ ಚೆನ್ನಾಗಿಯೇ ಇದ್ದರೂ ಅದರ ಬೀಜದಿಂದ ಹುಟ್ಟಿದ ಸಸಿಗಳು ಗಾತ್ರದಲ್ಲಿ ಸಣ್ಣವೂ ಬಲಹೀನವೂ ಆಗಿದ್ದವು. ಮತ್ತೆ ಅದೇ ಕಣಗಳಿಗೆ ಒಡ್ಡಿದಾಗ, ಕಣದ ಸೋಂಕಿಲ್ಲದ ತಾಯಿಗಿಡಗಳ ಸಸಿಗಳಿಗಿಂತ ಹೆಚ್ಚು ಸೀರಿಯಂ ಅನ್ನು ಅವು ಒಳಗೆ ಎಳೆದುಕೊಂಡವು.